ನನ್ನ ಹಲ್ಲು ಇಟ್ಟುಕೊಂಡಿರುವ ಈಜುಕೊಳಕ್ಕೆ

ಕೆ.ಬಿ. ಬಡಾವಣೆ, ದಾವಣಗೆರೆ
ಬೇಸಿಗೆ, ೧೯೬೪

ಇದನ್ನು ಓದುತ್ತಾ ನಿಂತವರೇ, ಮೊದಲು ಆ ಬಿದಿರು ಗಳದ ಮೇಲಿಂದ ಕೈ ತೆಗೆಯಿರಿ. ಈ ಕಾಗದ ಬರೆದಿರುವುದು ನಿಮಗಲ್ಲ, ಕೊಳಕ್ಕೆ. ಗೋಡೆಗೆ ಅಂಟಿಸಿದ ಮಾತ್ರಕ್ಕೆ ಇನ್ನೊಬ್ಬರ ಕಾಗದ ಓದಬಹುದೆಂದು ನಿಮಗೆ ಯಾರು ಹೇಳಿಕೊಟ್ಟರೋ ಕಾಣೆ. ಓದುವುದೇ ಆದರೆ ಗಟ್ಟಿಯಾಗಿ ಓದಿ, ಕೊಳದವರ ಕಿವಿಗೂ ಬೀಳಲಿ.

ನಮ್ಮ ಹಿತ್ತಲಿನ ಹಾಸುಗಲ್ಲುಗಳ ನಡುವೆ ಹಗಲೂ ರಾತ್ರಿ ಪವಡಿಸಿರುವ, ಹರಿಹರದ ಹೊಳೆಯಿಂದ ಲಾರಿ ಏರಿ ಬಂದ, ಸನ್ಮಾನ್ಯ ಈಜುಕೊಳದವರ ಸನ್ನಿಧಾನಕ್ಕೆ, ಅರಳೆ ವ್ಯಾಪಾರಿ ಹಿದಾಯತನ ತಾಯಿ ಖತೀಜಾಬೀ ಬಾಗಿ ಸಲಾಮು ಮಾಡಿ ಬರೆಯುವುದೇನೆಂದರೆ:

ಮಾನ್ಯರೇ, ಈ ಮಾತುಗಳನ್ನು ತಮ್ಮ ಅಂಚಿಗೆ ಬಂದು ಬಾಯಲ್ಲೇ ಅರಿಕೆ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ಕಟ್ಟಿಸಿದ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ, ಹೋದ ತಿಂಗಳಿನಿಂದ ತಮ್ಮ ಹೊಟ್ಟೆಯಲ್ಲಿದೆ. ಹಲ್ಲಿಲ್ಲದ ಬಾಯಿಂದ ನಾನು ಬೈದರೆ ಹರಸಿದ ಹಾಗೆ ಕೇಳಿಸುತ್ತದೆ. ಮೊನ್ನೆ ಸೊಸೆ ಹಜೀರಾಬೀ ನನ್ನಿಂದ ಚೆನ್ನಾಗಿ ಬೈಸಿಕೊಂಡು, ತಲೆಯ ಮೇಲೆ ಸೆರಗು ಎಳೆದು 'ಆಮೀನ್' ಅಂದಳು. ಅಂದೇ ತೀರ್ಮಾನಿಸಿದೆ, ಇನ್ನು ಬರೆದೇ ಬೈಯಬೇಕು ಎಂದು. ಮಾಯಕೊಂಡದ ಶಾಲೆಯಲ್ಲಿ ಎರಡನೇ ಕ್ಲಾಸಿನ ತನಕ ಕಲಿತ ಅಕ್ಷರಗಳು ಇಷ್ಟು ವರ್ಷ ಯಾವ ಕೆಲಸಕ್ಕೂ ಬಾರದೆ ಕೂತಿದ್ದವು, ಅವಕ್ಕೊಂದು ಉದ್ಯೋಗ ಕೊಟ್ಟ ಪುಣ್ಯವೂ ತಮ್ಮದೇ.

ತಾವು ನಮ್ಮ ಮನೆಗೆ ದಯಮಾಡಿಸಿದ್ದೂ ಒಂದು ಸೊಗಸು. ಮಗ ಬೊಂಬಾಯಿಗೆ ಅರಳೆ ಮಾರಲು ಹೋದವನು ಅಲ್ಲಿ ಯಾರೋ ಸೇಠರ ಬಂಗಲೆಯಲ್ಲಿ ತಮ್ಮ ಕುಲದವರೊಬ್ಬರನ್ನು ಕಂಡು ಬಂದು, 'ಅಮ್ಮಾ, ನೀಲಿ ನೀರು, ತಳ ಕಾಣ್ತೈತೆ, ಕನ್ನಡಿ ಇದ್ದಂಗೈತೆ' ಎಂದು ಊಟ ಬಿಟ್ಟು ಕೂತ. ನಿನಗೆ ಈಜು ಬರ್ತೈತೇನೋ ಎಂದು ಕೇಳಿದರೆ, 'ಕೊಳ ಬಂದ್ಮ್ಯಾಲೆ ಈಜೂ ಬರ್ತೈತೆ' ಅಂದ. ಕಟ್ಟಿಕೊಟ್ಟ ಮೇಸ್ತ್ರಿ ಕೆಂಚವೀರಪ್ಪನವರು ಅದುವರೆಗೆ ಜೋಳ ತುಂಬಿಡುವ ಹಗೇವುಗಳನ್ನು ಬಿಟ್ಟು ಬೇರೇನೂ ತೋಡಿದವರಲ್ಲ. ಹಗೇವಿನ ತಳಕ್ಕೆ ತೂತು ಇಡುವ ಪದ್ಧತಿ ಇಲ್ಲ, ಆದ್ದರಿಂದ ತಮಗೂ ಇಡಲಿಲ್ಲ. ನೀರು ಖಾಲಿ ಮಾಡುವುದು ಹೇಗಪ್ಪಾ ಎಂದು ಕೇಳಿದ್ದಕ್ಕೆ, 'ತುಂಬ್ಸಾ ಹೊತ್ನಾಗೆ ಖಾಲಿ ಮಾಡಾ ಮಾತು ಯಾಕ್ರಿ ಅಮ್ಮಾರೆ, ಬಿಡ್ತು ಅನ್ರಿ' ಎಂದು ನನಗೇ ಬುದ್ಧಿ ಹೇಳಿ ಹೋದರು. ಕೊಡದಲ್ಲಿ ಮೊಗೆದು ಚೆಲ್ಲೋಣವೆಂದರೆ, ಬೀದಿಯ ನಲ್ಲಿಗಳೆಲ್ಲ ಒಣಗಿ ನಿಂತಿರುವ ಈ ಬೇಸಿಗೆಯಲ್ಲಿ ಇಷ್ಟು ನೀರು ಚೆಲ್ಲಿದವಳು ನಾಳೆ ಮೇಲೆ ಹೋಗಿ ಏನೆಂದು ಜವಾಬು ಕೊಡಲಿ?

ತಮ್ಮ ಬಣ್ಣದ ವಿಚಾರದಲ್ಲಿ ನಾನು ಹೊಟ್ಟೆಕಿಚ್ಚು ಪಡುವವಳಲ್ಲ. ಬಂದಾಗ ಹೊಳೆಯ ಕೆಂಪು, ಆಮೇಲೆ ಪಾಚಿಯ ಹಸಿರು. ಬಾವಿಗಳಿಗೆ ಔಷಧಿ ಹಾಕುವ ಕರಿಬಸವರಾಜ ಒಂದು ಡಬ್ಬಿ ಬಿಳಿ ಪುಡಿ ಸುರಿದ ಮೇಲೆ ಅಕ್ಕಿ ಗಂಜಿಯಂಥ ಬಿಳುಪು. ತಳವನ್ನು ತಾವು ಯಾರಿಗೂ ತೋರಿಸಿದವರಲ್ಲ. ಇಷ್ಟು ಕಟ್ಟುನಿಟ್ಟಿನ ಪರದೆಯನ್ನು ಈ ಮನೆಯ ಹೆಂಗಸರು ಕೂಡ ಪಾಲಿಸಿಲ್ಲ. ನಾನೇ ಒಂದು ಬೆಳಿಗ್ಗೆ ತಮ್ಮ ಅಂಚಿನಲ್ಲಿ ಬಗ್ಗಿ, 'ನೋಡೋ ಹಿದಾಯತ್, ಎಮ್ಮೆ ಮೈ ತೊಳೆದ ನೀರಿಗೂ ಇದಕ್ಕೂ ಏನು ಫರಕೈತೆ' ಎಂದು ಕೇಳುತ್ತಿದ್ದೆ. 'ಎಮ್ಮೆ' ಅನ್ನುವಾಗ ಮೇಲಿನದು ಹೋಯಿತು, 'ಫರಕು' ಅನ್ನುವಾಗ ಕೆಳಗಿನದು.

ಹಾಲು ಹಾಕುವ ಮೈಲಪ್ಪ ಒಳಗೆ ಧುಮುಕಿ ತಡಕಾಡಿ, ಮೇಸ್ತ್ರಿಯ ಕರಣೆಯನ್ನೂ ಯಾರದೋ ಒಂಟಿ ಚಪ್ಪಲಿಯನ್ನೂ ಎತ್ತಿ ತಂದ. ಹಲ್ಲು ಸಿಗಲಿಲ್ಲ, ಕೆಸರು ಮಾತ್ರ ಮೇಲೆದ್ದಿತು. ಮಗ 'ಹೊಸಾದು ಮಾಡಿಸ್ತೀನಿ ಬಿಡಮ್ಮಾ' ಅನ್ನುತ್ತಾನೆ. ಹಳೆಯದು ನನ್ನ ಒಸಡಿಗೆ ಒಗ್ಗಿಕೊಳ್ಳಲು ಒಂದು ಮಳೆಗಾಲ ಹಿಡಿದಿತ್ತೆಂದು ಅವನಿಗೇನು ಗೊತ್ತು? ನನಗೆ ಅಷ್ಟು ಪುರಸತ್ತಿಲ್ಲ ಮಾನ್ಯರೇ. ಮೊಮ್ಮಗಳು ಮೆಹರ್ ಬಾನುವಿನ ಮದುವೆಯ ಮಾತಿಗೆ ಬರುವ ತಿಂಗಳು ಹರಿಹರದಿಂದ ಬೀಗರು ಬರುತ್ತಾರೆ. ಹುಡುಗಿಗೆ ಟೀಚರ್ ಟ್ರೇನಿಂಗು ಮುಗಿಸುವ ಆಸೆ, ಅವರಿಗೆ ತಕ್ಷಣ ನಿಕಾಹ್ ಆಗಬೇಕೆಂಬ ಹಟ. ಹುಡುಗನ ಅಜ್ಜಿ ಹುಸೇನಾಬೀ ಬಾಯಿ ತೆರೆದರೆ ಹೊಳೆಯ ದಂಡೆಯ ಅಗಸರೂ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಕೇಳುತ್ತಾರಂತೆ. ಅವರಿಗೆ ಎದುರು ಜವಾಬು ಕೊಡುವ ಬಾಯಿ ಈ ಮನೆಯಲ್ಲಿ ಇದ್ದದ್ದು ಒಂದೇ, ಅದು ಈಗ ತಮ್ಮಲ್ಲಿದೆ.

ತಮ್ಮನ್ನು ತಿಳಿಗೊಳಿಸಲು ನಾವು ಪಡದ ಪಾಡಿಲ್ಲ. ಹೊಳೆ ನೀರನ್ನು ಹಂಡೆಗೆ ತುಂಬಿ ಪಟಿಕದ ಕಲ್ಲನ್ನು ನಾಲ್ಕು ಸುತ್ತು ಆಡಿಸಿದರೆ ಕೆಸರು ಕೆಳಗೆ ಕೂರುತ್ತದೆ, ಇದು ಎಲ್ಲರ ಮನೆಯ ರೂಢಿ. ಅದರಂತೆ ಒಂದು ಗಂಟು ಪಟಿಕವನ್ನು ಬಟ್ಟೆಯಲ್ಲಿ ಕಟ್ಟಿ, ಗಳದ ತುದಿಗೆ ಬಿಗಿದು ತಮ್ಮಲ್ಲಿ ಇಳಿಬಿಟ್ಟೆವು. ಹಂಡೆಯ ಪಕ್ಕ ಹಾದವರು ಒಂದು ಸುತ್ತು ತಿರುವಿ ಹೋಗುವುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆ ತಮಗೂ ಸಂದಿತು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಗಿರಿಯಮ್ಮ ಒಂದು ಸುತ್ತು, ಹಾಲಿನ ಜೊತೆ ಮೈಲಪ್ಪ ಒಂದು ಸುತ್ತು, ಅರಳೆ ವಿಚಾರಿಸಲು ಬಂದ ದಲಾಲಿಗಳು ಒಬ್ಬೊಬ್ಬರೂ ಒಂದೊಂದು ಸುತ್ತು. ತಾವು ಕೂರಲೂ ಇಲ್ಲ, ಮಲಗಲೂ ಇಲ್ಲ, ಗಿರಗಿರನೆ ತಿರುಗಿದಿರಿ.

ಹೋದ ವಾರ ಮನೆಗೆ ಬೀಗ ಹಾಕಿ ನಾವೆಲ್ಲ ಬಾತಿಯ ನೆಂಟರಲ್ಲಿ ರಾತ್ರಿ ಉಳಿದು ಬಂದೆವು. ಬಂದು ನೋಡುತ್ತೇನೆ, ತಮ್ಮ ಮೆಟ್ಟಿಲುಗಳು ಅರ್ಧದವರೆಗೆ ನಿಚ್ಚಳ. ಆಗ ನನಗೆ ಅರ್ಥವಾಯಿತು, ತಮಗೆ ಬೇಕಿದ್ದದ್ದು ಪಟಿಕವಷ್ಟೇ ಅಲ್ಲ, ನಮ್ಮ ಗೈರುಹಾಜರಿ. ಯಾರೂ ಮುಟ್ಟಬೇಡಿ ಎಂದು ಕೂಗಿದೆ. ಹಲ್ಲಿಲ್ಲದ ಕೂಗು ಯಾರಿಗೆ ತಿಳಿಯಬೇಕು? 'ಹೌದ್ರಿ ಅಮ್ಮಾರೆ, ತಿಳಿಯಾಗೈತೆ, ಇನ್ನೊಂದು ಸುತ್ತು ತಿರುವಿದ್ರೆ ಪೂರಾ ಆಗ್ತೈತೆ' ಎಂದು ಮೈಲಪ್ಪ ಎರಡೂ ಕೈಯಲ್ಲಿ ಗಳ ಹಿಡಿದ. ಮತ್ತೆ ಗಂಜಿ.

ಆದ್ದರಿಂದ ತಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಇನ್ನು ಮುಂದೆ ಯಾರಾದರೂ ಗಳ ಹಿಡಿದರೆ ತಾವು ದಯವಿಟ್ಟು ಎದ್ದು ಅವರ ಮುಖಕ್ಕೆ ಒಂದು ಬೊಗಸೆ ಎರಚಬೇಕು. ನನ್ನ ಹಲ್ಲುಗಳನ್ನು ಕಪ್ಪೆಗಳ ಮನೆಯ ಶುಭಕಾರ್ಯಗಳಿಗೆ ಎರವಲು ಕೊಡಬಾರದು. ತಮಗೆ ಸ್ವಂತ ಉಪಯೋಗವಿದ್ದರೂ ಗಟ್ಟಿ ಪದಾರ್ಥ ಕಡಿಯಬಾರದು, ಬಲಗಡೆಯ ದವಡೆ ಸ್ವಲ್ಪ ಸಡಿಲ. ಸಾಧ್ಯವಾದರೆ ಎರಡನ್ನೂ ಮೆಲ್ಲಗೆ ಮೇಲಿನ ಮೆಟ್ಟಿಲಿಗೆ ಸರಿಸಿ ಕೆಮ್ಮಿದರೆ ಸಾಕು, ನಾನು ಹಿತ್ತಲ ಬಾಗಿಲಲ್ಲೇ ಕೂತಿರುತ್ತೇನೆ.

ಮೆತ್ತಗಿನ ಅನ್ನ ನುಂಗಿ ಬೇಸತ್ತಿರುವ,
ಈ ತಿಂಗಳ ಮಟ್ಟಿಗೆ ತಮ್ಮ ವಿಶ್ವಾಸಿ,
ಖತೀಜಾಬೀ

ತಾ.ಕ.: ಕಾಗದಕ್ಕೆ ಅಂಟು ಹಚ್ಚುವಾಗ ಹರಿಹರದಿಂದ ಸುದ್ದಿ ಬಂತು. ಹುಸೇನಾಬೀಯವರ ಹಲ್ಲುಗಳೂ ಡಾಕ್ಟರು ಕಟ್ಟಿದವೇ ಅಂತೆ, ಅವರಿಗೆ ತಮ್ಮನ್ನು ನೋಡುವ ಆಸೆ ಬಹಳವಂತೆ. ಒಳ್ಳೆಯದಾಯಿತು. ನನ್ನ ಹಲ್ಲು ಬಾರದಿದ್ದರೆ ಅವರನ್ನು ಕರೆತಂದು ತಮ್ಮ ಅಂಚಿನಲ್ಲೇ ಬಗ್ಗಿಸಿ ನಿಲ್ಲಿಸಿ, ಹೊಟ್ಟೆ ಹಿಡಿದು ನಗುವ ಹಾಗೆ ಏನಾದರೂ ಮಾಡುತ್ತೇನೆ. ಆಮೇಲೆ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು ಬೈದುಕೊಂಡು, ಇಬ್ಬರೂ ಆಮೀನ್ ಅಂದುಕೊಂಡು, ಹುಡುಗಿಯನ್ನು ಟ್ರೇನಿಂಗಿಗೆ ಕಳಿಸುತ್ತೇವೆ. ಇಬ್ಬರು ಅಜ್ಜಿಯರ ಹಲ್ಲು ಹೊಟ್ಟೆಯಲ್ಲಿಟ್ಟುಕೊಂಡು ಬಾಳುವ ಶಕ್ತಿ ತಮಗಿದೆಯೇ ಎಂದು ವಿಚಾರ ಮಾಡಿ, ಬರುವ ತಿಂಗಳು ಹುಟ್ಟುವ ಮೊದಲು ಜವಾಬು ಕೊಡಿ.