ಈರುಳ್ಳಿ, ದಾಸವಾಳ ಮತ್ತು ನನ್ನ ನಾಡಿ

ಪರ್ಕಳದ ಹತ್ತಿರದ ಒಂದು ಪಿಯು ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ನಾನು ಅಟೆಂಡರ್. ಓದಿದ್ದು ಹತ್ತನೆಯವರೆಗೆ, ಅದೂ ವಿಜ್ಞಾನಕ್ಕೆ ಎರಡು ಸಲ ಕುಳಿತು. ಆದರೆ ಗಾಜು ತೊಳೆಯುತ್ತಾ ಮೂಲೆಯಲ್ಲಿ ನಿಂತವಳಿಗೆ ನಗುವ ಸಂಗತಿ ಸಿಗದೆ ಒಂದು ವರ್ಷವೂ ಹೋಗಿಲ್ಲ. ಅಂಥ ಒಂದು ಸಂಗತಿಯಿಂದಲೇ ನಾನು ಇವತ್ತು ಬದುಕಿದ್ದೇನೆ.

ಈರುಳ್ಳಿ ಪೊರೆ

ಜೀವಕೋಶ ನೋಡಲು ಈರುಳ್ಳಿಯ ತೆಳು ಪೊರೆ ಎಬ್ಬಿಸಿ ಕೊಡುವುದು ನನ್ನ ಕೆಲಸ. ಒಬ್ಬ ಹುಡುಗ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಅರ್ಧ ಗಂಟೆ ಕದಲದೆ ಚಿತ್ರ ಬಿಡಿಸಿದ. ಸಾಲಾಗಿ ಬಾಗಿದ ಕಪ್ಪು ಗೆರೆಗಳು, ಪಕ್ಕದಲ್ಲಿ ‘ಕೋಶಭಿತ್ತಿ’ ಎಂಬ ಬರಹ. ಪಾಠ ಮಾಡುವ ಮೇಡಂ ಚಿತ್ರ ನೋಡಿದರು, ಆಮೇಲೆ ಅವನ ಮುಖ ನೋಡಿದರು.

“ಚೆಂದ ಉಂಟು. ಆದರೆ ಇದು ಈರುಳ್ಳಿಯದ್ದಲ್ಲ ಮಾರಾಯ, ನಿನ್ನ ರೆಪ್ಪೆ ಕೂದಲು.”

ದಾಸವಾಳದ ಸಂಸಾರ

ಹೂವಿನ ಭಾಗಗಳ ಪಾಠಕ್ಕೆ ದಾಸವಾಳ ಕೊಡುತ್ತಿದ್ದವರು ನಮ್ಮ ಪಕ್ಕದ ಮನೆಯ ಅಜ್ಜಿ. ಪೂಜೆಗೆ ಇಟ್ಟದ್ದರಲ್ಲೇ ಬುಟ್ಟಿ ತುಂಬಿ ಕೊಡುವರು. ಒಂದು ದಿನ ನೋಡುವ ಆಸೆಯಾಗಿ ಲ್ಯಾಬಿಗೇ ಬಂದರು. ಹೂಗಳನ್ನೆಲ್ಲ ಉದ್ದುದ್ದ ಸೀಳಿಟ್ಟಿದ್ದೆವು. ಬೈಗುಳ ಖಂಡಿತ ಎಂದು ನಾನು ಬೀರುವಿನ ಹಿಂದೆ ಸರಿದೆ. ಮೇಡಂ ಅವರನ್ನು ಕೂರಿಸಿ, ಇದು ಗಂಡು ಭಾಗ, ಇದು ಹೆಣ್ಣು ಭಾಗ, ಇದು ಬೀಜ ಕಟ್ಟುವ ಜಾಗ ಎಂದು ತೋರಿಸಿದರು. ಅಜ್ಜಿ ಖಾಲಿ ಬುಟ್ಟಿ ಎತ್ತಿಕೊಂಡು ಹೋದರು.

ಮರುದಿನ ಬುಟ್ಟಿ ಎಂದಿನಂತೆಯೇ ತುಂಬಿತ್ತು. ಅಜ್ಜಿ ಎರಡು ಮೊಗ್ಗು ಮಾತ್ರ ಆರಿಸಿ ವಾಪಸ್ ತೆಗೆದುಕೊಂಡರು. “ಇವು ಬೇಡ. ಇನ್ನೂ ಮದುವೆ ಪ್ರಾಯ ಆಗಲಿಲ್ಲ.”

ಮೂವತ್ತೆಂಟು

ನಾಡಿ ಎಣಿಸುವ ದಿನ ಮಕ್ಕಳು ಜೋಡಿಯಾಗಿ ಕೂರಬೇಕು. ಒಬ್ಬಳಿಗೆ ಜೋಡಿ ಸಿಗಲಿಲ್ಲ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು, ಮಾತು ಕಡಿಮೆ. ನಾನೇ ಕೈ ಕೊಟ್ಟೆ. ನಿಮಿಷಕ್ಕೆ ಮೂವತ್ತೆಂಟು ಎಂದಳು. ಲೆಕ್ಕ ತಪ್ಪಿರಬೇಕು ಎಂದೆ. ಮೇಡಮ್ಮೂ ಅದನ್ನೇ ಹೇಳಿದರು. ಹುಡುಗಿ ನನ್ನ ಕೈ ಬಿಡಲಿಲ್ಲ.

“ಇಲ್ರಿ ಮೇಡಂ, ಮೂರು ಸಲ ಎಣಿಸೀನಿ.”

ಕೆಲವು ವಾರಗಳಿಂದ ಮೆಟ್ಟಿಲು ಹತ್ತುವಾಗ ನನಗೆ ಕಣ್ಣು ಕತ್ತಲೆ ಬರುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದೆ. ಮೇಡಂ ತಾವೇ ಎಣಿಸಿ ನೋಡಿ, ಆಗಲೇ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟರು. ಇನ್ನೂ ತಡ ಮಾಡಿದ್ದರೆ, ಎಂದು ಮಾತು ಅಲ್ಲಿಗೇ ನಿಲ್ಲಿಸಿದರು.

ಆ ಹುಡುಗಿ ಈಗ ಉಡುಪಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬಸ್ಸಿನಲ್ಲಿ ಸಿಕ್ಕಿದರೆ ಅವಳಿಗೆ ಎಷ್ಟು ಋಣಿ ಎಂದು ಹೇಳಲು ಬಾಯಿ ತೆರೆಯುತ್ತೇನೆ. ಅವಳು ನನ್ನ ಮಣಿಕಟ್ಟು ಹಿಡಿದು ಸುಮ್ಮನಿರಿಸುತ್ತಾಳೆ, ಮಾತಾಡಿದರೆ ಎಣಿಕೆ ತಪ್ಪುತ್ತದಂತೆ.

ಕಾಪಿ

ಕಳೆದ ವರ್ಷ ಹೊಸ ಸಾರ್ ಬಂದರು. ನಾಡಿಯ ಪಾಠದ ದಿನ ಸಾರ್ ಆಫೀಸಿಗೆ ಹೋಗಿದ್ದಾಗ, ಅಭ್ಯಾಸವಾಗಲಿ ಎಂದು ಮಕ್ಕಳಿಗೆಲ್ಲ ನಾನೇ ಕೈ ಕೊಟ್ಟು ಕುಳಿತೆ. ಮರುದಿನ ಸಾರ್ ರೆಕಾರ್ಡ್ ಪುಸ್ತಕಗಳನ್ನು ಮೇಜಿನ ಮೇಲೆ ರಾಶಿ ಹಾಕಿದರು. ಎಲ್ಲದರಲ್ಲೂ ಎಪ್ಪತ್ತು. ಒಬ್ಬರದ್ದು ನೋಡಿ ಇಡೀ ಕ್ಲಾಸು ಬರೆದಿದೆ, ನಾಳೆ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು. ಮಕ್ಕಳ ಮುಖ ಸಣ್ಣದಾಯಿತು.

ನಾನು ಮುಂದೆ ಹೋಗಿ, ಮಕ್ಕಳ ತಪ್ಪಿಲ್ಲ ಸಾರ್, ಎಲ್ಲರೂ ಎಣಿಸಿದ್ದು ನನ್ನದೇ ನಾಡಿ, ನನ್ನ ಹೃದಯ ಬ್ಯಾಟರಿಯಲ್ಲಿ ಓಡುವುದು, ಕುಳಿತಲ್ಲಿ ಅದು ಎಪ್ಪತ್ತೇ ಬಡಿಯುವುದು ಎಂದೆ. ಸಾರ್ ನಂಬಲಿಲ್ಲ. ನನ್ನನ್ನು ಕೂರಿಸಿ, ಕೈ ಹಿಡಿದು, ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದರು. ಆಮೇಲೆ ಮೆಲ್ಲಗೆ, “ಎಪ್ಪತ್ತು” ಎಂದರು.

ಹಿಂದಿನ ಬೆಂಚಿನಿಂದ ಒಂದು ಸ್ವರ ಬಂತು: “ಸಾರ್ ಕೂಡ ಕಾಪಿ ಹೊಡೆದರು.”