ಒಬ್ಬರ ಮನೆಯಲ್ಲಿ ಇಬ್ಬರ ಜಗಳ

ಮಾಸಿಕ ಮಾವನ ಮುತ್ತಜ್ಜ ಹೊಳೆಯ ಈ ದಡದಲ್ಲಿ ನಿಂತು ಆ ದಡದ ದೋಣಿಯವನನ್ನು ಕೂಗಿ ಎಬ್ಬಿಸುತ್ತಿದ್ದನಂತೆ. ದೋಣಿಯವನ ಜೊತೆಗೆ ಅವನ ಹೆಂಡತಿ, ಮಕ್ಕಳು, ಕೊಟ್ಟಿಗೆಯ ದನ ಎಲ್ಲವೂ ಎದ್ದು ನಿಲ್ಲುತ್ತಿದ್ದವಂತೆ. ಅಜ್ಜ ಹರಾಜು ಕೂಗುವವನು. ಅವನು ಬಾಯಿ ತೆರೆದನೆಂದರೆ ಸುಮ್ಮನೆ ದಾರಿಯಲ್ಲಿ ಹೋಗುತ್ತಿದ್ದವರೂ ಬೆದರಿ ಕೈ ಎತ್ತಿ, ಕಾಲು ಮುರಿದ ಮಂಚ ಹೊತ್ತುಕೊಂಡು ಮನೆಗೆ ಹೋಗಿ ಬೈಸಿಕೊಂಡದ್ದುಂಟು. ಅಪ್ಪ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದವರು. ಮೈಕು ಬಂದ ಮೇಲೂ ಅದನ್ನು ಪಕ್ಕಕ್ಕೆ ಸರಿಸಿ ಬರಿಗಂಟಲಲ್ಲೇ ಕೂಗಿದರು. ಮೈಕು ತಂದವರು ನಾಚಿಕೊಂಡು ಅದನ್ನು ವಾಪಸ್ ಒಯ್ದರು. (ಇದು ಮಾವ ಹೇಳುವುದು. ಮೈಕಿನವರನ್ನು ಯಾರೂ ಕೇಳಿಲ್ಲ.)

ಇಂಥ ವಂಶದ ಗಂಟಲು ಹೊತ್ತು ಹುಟ್ಟಿದ ಮನುಷ್ಯ ಸದ್ದಿಲ್ಲದೆ ಕೂತು ಕಥೆ ಬರೆ ಎಂದರೆ ಹೇಗೆ ಬರೆದಾನು?

ಮಾವ ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಬಸ್ಸಿನ ಮೆಟ್ಟಿಲು ಹತ್ತಿದ್ದೇ ಹೆಚ್ಚು. ಕಂಡಕ್ಟರಾಗಿ ಟಿಕೆಟ್ ಹರಿಯುತ್ತ, ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆ ಓದುತ್ತ, ಓದಿದ್ದರಲ್ಲಿ ತಪ್ಪು ಹುಡುಕುತ್ತ, ಕೊನೆಗೆ ಇದಕ್ಕಿಂತ ನಾನೇ ಚೆನ್ನಾಗಿ ಬರೆಯುತ್ತೇನೆ ಎಂದು ಕೂತವರು. ಒಂದು ಮಾಸಪತ್ರಿಕೆಯಲ್ಲಿ ‘ಒಲೆ ಮತ್ತು ಮೇಜು’ ಎಂಬ ಪುಟ ಅವರದು. ಮೇಜಿನ ಮುಂದೆ ಕೂತ ಲೇಖಕ ಗಂಡನಿಗೂ ಒಲೆಯ ಮುಂದೆ ನಿಂತ ಯಜಮಾನಿಗೂ ತಿಂಗಳಿಗೊಂದು ಜಗಳ. ಅದಕ್ಕೇ ಬೀದಿಯವರು ಅವರನ್ನು ಮಾಸಿಕ ಮಾವ ಎಂದರು. ಮಾವ ಅದನ್ನು ಬಿರುದೆಂದೇ ಸ್ವೀಕರಿಸಿದರು.

ಅವರ ತಿಂಗಳಿಗೆ ಒಂದು ಕಟ್ಟಳೆಯಿತ್ತು. ಮೊದಲ ವಾರ ಓದು. ಓದು ಎಂದರೆ ಗ್ರಂಥಾಲಯದಿಂದ ಕಂಕುಳ ತುಂಬ ಪುಸ್ತಕ ತಂದು, ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಬರೆದವರನ್ನು ಬೈಯುವುದು. ಪುಸ್ತಕ ಸಾಧಾರಣವಾಗಿದ್ದರೆ ಸಾಧಾರಣ ಬೈಗುಳ. ತುಂಬ ಚೆನ್ನಾಗಿದ್ದರೆ ಆ ಲೇಖಕನ ಏಳು ತಲೆಮಾರಿಗೂ ಬಿಕ್ಕಳಿಕೆ ಬರಬೇಕು. ಎರಡನೆಯ ವಾರ ಅಲೆದಾಟ. ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಹೊರಬೆಂಚಿನಲ್ಲಿ, ಎಲ್ಲಿ ಇಬ್ಬರು ಪಿಸುಗುಟ್ಟಿದರೂ ಮೂರನೆಯ ಕಿವಿ ಮಾವನದು. ಮೂರನೆಯ ವಾರ ಜಗಳ. ನಾಲ್ಕನೆಯ ವಾರ ಅದನ್ನು ಚೆಂದದ ಅಕ್ಷರದಲ್ಲಿ ಇಳಿಸಿ ಅಂಚೆಗೆ ಹಾಕಿ, ಈಗಿನ ಕಾಲದಲ್ಲಿ ಬರೆಯುವವರೇ ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುವುದು.

ಈ ಮೂರನೆಯ ವಾರದ ವಿದ್ಯೆಯನ್ನು ಮಾವ ಯಾರಿಗೂ ಹೇಳಿಕೊಟ್ಟವರಲ್ಲ. ಅತ್ತೆ ಬದುಕಿದ್ದಾಗ ಮಾವ ಮೇಜಿನ ಮುಂದೆ ಕೂತು ಒಂದು ಮಾತು ಎಸೆಯುತ್ತಿದ್ದರು. "ಲೇಖಕನ ಮೇಜಿನ ಮೇಲೆ ಸೊಪ್ಪು ಇಟ್ಟೋರು ಯಾರು?" ಅಡುಗೆಮನೆಯಿಂದ ಉತ್ತರ ಬರುತ್ತಿತ್ತು: "ಕೊಳೆಯೋದನ್ನೆಲ್ಲ ಒಂದೇ ಕಡೆ ಇಡೋಣ ಅಂತ." ಮಾವ ಎದ್ದುಹೋಗಿ ಬಾಗಿಲ ಮರೆಯಲ್ಲಿ ಅದನ್ನು ಬರೆದುಕೊಂಡು, ಹೆಂಡತಿಗೆ ಗೊತ್ತಾಗದ ಹಾಗೆ ಹೆಂಡತಿಯನ್ನು ಕದಿಯುವ ನನ್ನ ಜಾಣತನವೇ ಜಾಣತನ ಎಂದು ಬೀಗುತ್ತಿದ್ದರು.

ಅತ್ತೆ ಹೋಗಿ ಒಂದು ವರ್ಷವಾಗಿತ್ತು. ಮಾವ ಬೀದಿಗೆ ಹೇಳಿದರು, ನೆಂಟರಿಗೆ ಹೇಳಿದರು, ಪತ್ರಿಕೆಗೆ ಮಾತ್ರ ಹೇಳಲಿಲ್ಲ. ಪತ್ರಿಕೆಯಲ್ಲಿ ಆಕೆ ತಿಂಗಳು ತಿಂಗಳೂ ಒಲೆಯ ಮುಂದೆ ನಿಂತೇ ಇದ್ದರು.

ಆದರೆ ನಿಂತಿದ್ದರು ಅಷ್ಟೇ. ಮೇಜಿನಿಂದ ಮಾತು ಎಸೆದರೆ ಅದು ಅಡುಗೆಮನೆಯ ಗೋಡೆಗೆ ಬಡಿದು ಬಿದ್ದಲ್ಲೇ ಬಿದ್ದಿರುತ್ತಿತ್ತು. ಮಾವ ಮನಸ್ಸಿನಲ್ಲೇ ಉತ್ತರ ಹೊಸೆದು ಬರೆದರು. ಒಂದು ದಿನ ಸಂಪಾದಕರು ಫೋನು ಮಾಡಿದರು.

"ಮಾವ, ಮನೆಯವರು ಈಚೆಗೆ ನೀವು ಹೇಳಿದ್ದಕ್ಕೆಲ್ಲ ಹೂಂ ಅಂತಿದಾರಲ್ಲ, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದಾಳೆ," ಎಂದರು ಮಾವ.

"ಓದುಗರು ಕೇಳ್ತಿದಾರೆ. ಯಜಮಾನಿ ಬಾಯಿ ಬಿಡದಿದ್ರೆ ಮುಂದಿನ ತಿಂಗಳಿಂದ ಆ ಪುಟಕ್ಕೆ ಪದಬಂಧ ಹಾಕೋಣ ಅಂತಿದೀವಿ."

ಮಾವ ಫೋನು ಇಟ್ಟು ಬಹಳ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡಿದರು. ಪುಟ ಹೋದರೆ ಹೋಗಲಿ, ಬೇರೆ ಪುಟ ಬರೆಯಬಹುದು. ಆದರೆ ಆಕೆ ಉಳಿದಿದ್ದು ಅದೊಂದು ಕಡೆ ಮಾತ್ರ. ಅಲ್ಲೂ ಚೌಕಗಳನ್ನು ತಂದು ಕೂರಿಸಿದರೆ?

ಮೂರನೆಯ ವಾರ ಬಂದಾಗ ಅವರಿಗೆ ಮಹಾ ಉಪಾಯವೊಂದು ಹೊಳೆಯಿತು. ಮೇಜಿನ ಮುಂದೆ ಕೂತು ಗಂಡನ ಮಾತು ಆಡುವುದು. ಎದ್ದು ಅಡುಗೆಮನೆಗೆ ಓಡಿ, ಸೌಟು ಹಿಡಿದು, ದನಿ ಸಣ್ಣ ಮಾಡಿ ಹೆಂಡತಿಯ ಮಾತು ಆಡುವುದು. ಮತ್ತೆ ಓಡಿ ಬಂದು ಬರೆದುಕೊಳ್ಳುವುದು. ಮಂಡಿ ನೋವಿನ ಮನುಷ್ಯ ಒಂದು ಸಂಸಾರವನ್ನು ಒಬ್ಬನೇ ಎರಡು ಕೋಣೆಗಳಲ್ಲಿ ನಡೆಸಬೇಕೆಂದರೆ ಸುಲಭವಲ್ಲ.

"ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದೆಯೋ ಇಲ್ವೋ?" ಎಂದು ಗುಡುಗಿ, ಕುಂಟುತ್ತ ಒಳಗೆ ಹೋಗಿ, "ಬೆಲೆ ಇದೆ, ಕೊಳ್ಳೋರಿಲ್ಲ," ಎಂದರು. ಎಂದವರಿಗೇ ನಗು ಬಂತು. ನಕ್ಕು ತಿರುಗಿದರೆ, ಮೇಜಿನ ಮುಂದೆ ಸಿಟ್ಟಾಗಬೇಕಾದ ಗಂಡ ಇರಲಿಲ್ಲ. ಕುರ್ಚಿ ಖಾಲಿ. ಮಾವ ಸೌಟನ್ನು ಸುಮ್ಮನೆ ತೊಳೆದಿಟ್ಟರು.

ದನಿ ಸಣ್ಣ ಮಾಡಿದೆನೆಂದು ಮಾವ ತಿಳಿದದ್ದು ತಪ್ಪು. ಅದು ಸಣ್ಣಗಾದದ್ದು ಸ್ವರದಲ್ಲಿ, ಕೇಳುವ ದೂರದಲ್ಲಲ್ಲ. ಕೆಳಮನೆಯ ಟೈಲರಮ್ಮ ಬಾಡಿಗೆಗೆ ಬಂದು ಎರಡು ತಿಂಗಳಾಗಿತ್ತು. ಅತ್ತೆಯನ್ನು ಕಂಡವಳೂ ಅಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಟ್ಟರೆ ಮೇಲಿನಿಂದ ಹೆಣ್ಣು ದನಿ: "ಹೀಗೇ ಮಾಡ್ತಿದ್ರೆ ನಾನು ಎದ್ದು ಹೋಗ್ತೀನಿ ನೋಡಿ."

ಹಿಂದೆಯೇ ಮಾವನ ದನಿ: "ಹೋಗ್ಬೇಡ ಕಣೇ, ಇನ್ನೂ ಅರ್ಧ ಪುಟ ಬಾಕಿ ಇದೆ."

ಟೈಲರಮ್ಮನ ಬಾಯಿಂದ ಗುಂಡುಸೂಜಿ ಉದುರಿತು. ಒಳಗೆ ಹೋಗುವ ಹೆಂಗಸನ್ನು ನೋಡಿಲ್ಲ, ಹೊರಗೆ ಬರುವವಳನ್ನು ನೋಡಿಲ್ಲ. ಎಂದರೆ ಅಲ್ಲೇ ಇದ್ದಾಳೆ. ಅವಳು ಮಾವನ ಮಗಳಿಗೆ ಫೋನು ಮಾಡಿ, ತನಗೇನೂ ಗೊತ್ತಿಲ್ಲವೆಂದು ಮೊದಲೇ ಹೇಳಿ ಎಲ್ಲವನ್ನೂ ಹೇಳಿದಳು.

ಮಗಳು ಶಾಲೆಯಲ್ಲಿ ಆಟ ಕಲಿಸುವ ಟೀಚರು. ಮೈದಾನದಿಂದ ನೇರವಾಗಿ, ಕೊರಳಲ್ಲಿ ಸೀಟಿ ನೇತಾಡಿಸಿಕೊಂಡೇ ಬಂದಳು. ಹಿಂದೆ ಟೈಲರಮ್ಮ, ಅಳತೆಯ ಟೇಪಿನ ಸಮೇತ.

"ಎಲ್ಲಿದಾರೆ, ಅಪ್ಪ?"

"ಯಾರು?"

"ನಿನ್ನ ಯಜಮಾನಿ."

ಮಾವನ ತಲೆಯೆಲ್ಲ ಪುಟದಲ್ಲಿತ್ತು. ಬರೆಯುತ್ತಲೇ, "ಅಡುಗೆಮನೇಲಿ," ಎಂದರು.

ಮಗಳು ದಢದಢನೆ ಒಳಗೆ ಹೋದಳು. ಬಾಗಿಲ ಹಿಂದೆ ನೋಡಿದಳು, ಬಚ್ಚಲಲ್ಲಿ ನೋಡಿದಳು. ಇದ್ದದ್ದು ಒಂದು ತಟ್ಟೆ, ಒಂದು ಲೋಟ, ಒಂದು ಸೌಟು. ಅವಳು ಹೊರಗೆ ಬಂದಾಗ ಮುಖದ ಮೇಲಿನ ಸಿಟ್ಟು ಎಲ್ಲೋ ಜಾರಿತ್ತು.

"ಯಾರೂ ಇಲ್ಲವಲ್ಲ, ಅಪ್ಪ."

"ಇಲ್ಲ ಅಂತ ನಂಗೊತ್ತಿಲ್ವಾ?" ಎಂದರು ಮಾವ. ಆಮೇಲೆ ಬೇರೆ ದಾರಿ ಕಾಣದೆ ನಡೆದದ್ದೆಲ್ಲ ಹೇಳಿದರು. ಸಂಪಾದಕರು, ಪದಬಂಧ, ಮಂಡಿ ನೋವು.

ಟೈಲರಮ್ಮ ಕಣ್ಣೊರೆಸಿಕೊಂಡು, "ಇಷ್ಟೇ ತಾನೇ? ನಾನೇ ಬಂದು ಜಗಳ ಆಡ್ತೀನಿ ಬಿಡಿ, ಮಾವ," ಎಂದು ಅಡುಗೆಮನೆಗೆ ಹೋಗಿ ನಿಂತಳು.

ಮಾವ ಗಂಟಲು ಸರಿಮಾಡಿಕೊಂಡರು. "ನನ್ನ ಕನ್ನಡಕ ಎಲ್ಲಿಟ್ಟೆ? ನೀನು ಮನೆ ಒಪ್ಪ ಮಾಡಿದ ದಿನ ನಾನು ಕುರುಡ."

"ತಪ್ಪಾಯ್ತು, ಮಾವ," ಎಂದಳು ಟೈಲರಮ್ಮ. "ಹುಡುಕಿ ಕೊಡ್ತೀನಿ."

"ನೀನು ತಪ್ಪಾಯ್ತು ಅಂದ್ರೆ ನಾನು ಮುಂದಕ್ಕೆ ಏನು ಬರೀಲಿ?"

"ನೀವು ದೊಡ್ಡೋರು. ಏನು ಬರೆದ್ರೂ ಚೆನ್ನಾಗಿರುತ್ತೆ."

ಮಾವ ಪೆನ್ನು ಕೆಳಗಿಟ್ಟರು. ಇಂಥ ಒಳ್ಳೆಯ ಹೆಂಗಸಿನ ಜೊತೆ ಸಾಹಿತ್ಯ ಸಾಧ್ಯವಿಲ್ಲ.

"ನಿನ್ನಮ್ಮ ಆಗಿದ್ರೆ ನಿಜವಾಗ್ಲೂ ಉರೀತಿದ್ಲು," ಎಂದರು ಮಗಳ ಕಡೆ ತಿರುಗಿ. "ನಾನು ಮರೇಲಿ ಕೂತು ಬರ್ಕೋತಿದ್ದೆ. ಪಾಪ, ಅವಳಿಗೆ ಗೊತ್ತೇ ಇರ್ಲಿಲ್ಲ."

ಮಗಳು ನಗಬೇಕೋ ಬೇಡವೋ ಎಂಬಂತೆ ನಿಂತಳು. "ಗೊತ್ತಿರ್ಲಿಲ್ವಾ? ಮೂರನೇ ವಾರ ಬಂತು ಅಂದ್ರೆ ಅಮ್ಮ ನನಗೆ ಫೋನು ಮಾಡೋರು. ‘ಈ ಸಲ ಯಾವುದಕ್ಕೆ ಜಗಳ ತೆಗೀಲೇ? ಸೊಪ್ಪು ಆಯ್ತು, ಛತ್ರಿ ಆಯ್ತು. ನಿನಗೇನಾದ್ರೂ ಹೊಳೆಯುತ್ತಾ?’ ಅನ್ನೋರು."

ಮಾವನ ಕಣ್ಣು ಬಾಗಿಲ ಮರೆಯ ಕಡೆ ತಿರುಗಿತು.

"ಬೇಗ ಬೇಗ ಬೈತಿರ್ಲಿಲ್ಲ, ಗಮನಿಸಿದ್ಯಾ? ಒಂದು ಮಾತು ಅಂದು, ಪಾತ್ರೆ ಉಜ್ಜಿ, ಆಮೇಲೆ ಇನ್ನೊಂದು. ನಿನ್ನ ಕೈ ನಿಧಾನ ಅಂತ. ‘ಪಾಪ ಕಣೇ, ಆ ಬಾಗಿಲ ಹಿಂದೆ ಗಾಳಿ ಬೆಳಕಿಲ್ಲ, ಕೂತು ಬರ್ಕೋತಾರೆ, ಪೆನ್ನಿನ ಸದ್ದು ನಿಲ್ಲೋವರೆಗೂ ನಾನು ಕಾಯ್ತೀನಿ,’ ಅನ್ನೋರು. ಚೆನ್ನಾಗಿರೋ ಬೈಗುಳ ನಿನಗೆ ಬರೆಯೋಕೆ ಉದ್ದ ಆಗುತ್ತೆ ಅಂತ ಅದನ್ನ ನಿನಗೆ ಅನ್ನದೆ ನನಗೆ ಹೇಳ್ಬಿಡ್ತಿದ್ರು."

ಮಾಸಿಕ ಮಾವ, ಕದ್ದು ಕದ್ದು ಶ್ರೀಮಂತನಾದೆನೆಂದು ಮೀಸೆ ತಿರುವಿದ ಮಹಾ ಲೇಖಕ, ಕುರ್ಚಿಯಲ್ಲಿ ಪೆಚ್ಚಾಗಿ ಕೂತರು. ಇಷ್ಟು ವರ್ಷ ಇದು ಅವರ ಪುಟವಾಗಿರಲಿಲ್ಲ. ಆಕೆ ಉಕ್ತಲೇಖನ ಕೊಟ್ಟಿದ್ದರು, ಇವರು ಬರೆದುಕೊಂಡಿದ್ದರು, ಅಷ್ಟೇ. ಅದೂ ಕೆಳಗೆ ತಮ್ಮ ಹೆಸರು ಹಾಕಿ. ಇದಕ್ಕಾಗಿ ಆಕೆಯನ್ನು ಹಂಗಿಸಬೇಕೆಂದರೂ ಈಗ ಅಡುಗೆಮನೆಯಲ್ಲಿ ಆಕೆ ಇಲ್ಲ.

"ಉದ್ದ ಆಗುತ್ತೆ ಅಂದ್ಲಾ?" ಎಂದರು ಕೊನೆಗೆ. "ನನ್ನ ಕೈಗೇನಾಗಿತ್ತು ಧಾಡಿ? ಅವಳು ಹೇಳಿ ನೋಡ್ಬೇಕಿತ್ತು."

"ಇನ್ನು ಮೇಲೆ ನಾನು ಹೇಳ್ತೀನಿ, ಅಪ್ಪ. ಅಮ್ಮ ಹೇಳಿದ್ದೆಲ್ಲ ನೆನಪಿದೆ. ಮೂರನೇ ವಾರ ನಾನು ಬರ್ತೀನಿ, ನೀನು ಆರಾಮಾಗಿ ಕೂತು ಬರ್ಕೋ."

"ನಾನೂ ಬೈಯೋದು ಕಲೀತೀನಿ," ಎಂದಳು ಟೈಲರಮ್ಮ ನಮ್ರತೆಯಿಂದ.

ಮಾವ ಎದ್ದರು. ಮಂಡಿ ಹಿಡಿದುಕೊಂಡು ಹೋಗಿ ಹೊರಬಾಗಿಲು ತೆರೆದು ಹಿಡಿದರು.

"ಯಾರೂ ಬರೋದು ಬೇಡ, ಯಾರೂ ಹೇಳ್ಕೊಡೋದೂ ಬೇಡ. ಇಷ್ಟು ದಿನ ಅವಳ ಜೊತೆ ನಾನು ಆಡಿದ್ದು ಜಗಳಾನೇ ಅಲ್ಲ ಅಂತ ಈಗ ಗೊತ್ತಾಯ್ತು. ನಿಜವಾದ ಜಗಳ ಈಗ ಶುರು ಮಾಡ್ಬೇಕು. ಗಂಡ ಹೆಂಡಿರು ಮಾತಾಡೋವಾಗ ಮಧ್ಯೆ ನಿಮಗೇನು ಕೆಲಸ? ಹೋಗಿ, ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ."