ಒಟೀಲಿಯ ಹೆಸರಿನ ಗುಹೆ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಇಷ್ಟೇ: ಬೆಳಗಿನ ಕಾಫಿ ಹೊತ್ತಿಗೆ ವೆಂಡೆಲಿನ್ ತನ್ನ ಕನ್ನಡಕದ ಮೇಲೆ ತಾನೇ ಕೂತುಬಿಟ್ಟ. ಕಟಕ್ ಎಂದದ್ದು ಅವನಿಗೊಬ್ಬನಿಗೇ ಕೇಳಿಸಿತು. ಮೆಲ್ಲಗೆ ಎದ್ದು ಚೂರುಗಳನ್ನು ಜೇಬಿಗೆ ಸೇರಿಸಿ, ಏನೂ ಆಗದವನ ಹಾಗೆ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ. ಬೆಣ್ಣೆ ಬ್ರೆಡ್ಡಿಗಿಂತ ಮೇಜಿಗೇ ಹೆಚ್ಚು ಹತ್ತಿತು.

ಬಾಯಿಬಿಟ್ಟಿದ್ದರೆ ಗುಹೆ ಸಂಘದ ಮುಖ್ಯಸ್ಥೆ ಬುರ್ಗಾ ಟೀಚರ್ ಅವನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಡಾಖ್‌ಸ್ಟೈನ್ ಬೆಟ್ಟದ ಮೇಲಿನ ಕಲ್ಲುಬಯಲಿನಲ್ಲಿ ಹೆಜ್ಜೆಗೊಂದು ಬಿರುಕು, ಮಾರಿಗೊಂದು ಬಿಲ. ಕಣ್ಣಿದ್ದವರೇ ಕಾಲು ಮುರಿದುಕೊಳ್ಳುವ ಜಾಗ. ಆದರೆ ಶಿಬಿರದ ಕೊನೆಯ ದಿನ ಒಳಗೆ ಕೂರುವ ಸ್ಥಿತಿಯಲ್ಲಿ ವೆಂಡೆಲಿನ್ ಇರಲಿಲ್ಲ.

ಸಂಘದ ನಿಯಮ ಸರಳ. ಹೊಸ ಗುಹೆಯ ಬಾಯಿ ಕಂಡವರು ಪಕ್ಕದ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆಯಬೇಕು. ಬರೆದವರೇ ಅದಕ್ಕೆ ಹೆಸರಿಡಬೇಕು. ಗುರುತಿಲ್ಲದ ಬಾಯಿ ಯಾರದ್ದೂ ಅಲ್ಲ. ಏನೂ ಸಿಗದೆ ಬಂದವರು ಎಲ್ಲರ ಊಟಕ್ಕೆ ಆಲೂಗಡ್ಡೆ ಸುಲಿಯಬೇಕು. ವೆಂಡೆಲಿನ್ ವರ್ಷಗಟ್ಟಲೆ ಸುಲಿದು ಸುಲಿದು ಆ ಕೆಲಸದಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದ. ಅವನು ಹೊಸ ಬಾಯಿ ಸಿಕ್ಕಿತೆಂದು ಕುಣಿದಾಡಿ ಬಂಡೆಯ ಪಾಚಿ ಕೆರೆದ ಕಡೆಯಲ್ಲೆಲ್ಲ ಅಡಿಯಲ್ಲಿ ಇನ್ಯಾರದೋ ಗುರುತು ಇರುತ್ತಿತ್ತು.

ಆಲೂಗಡ್ಡೆಯ ಅವಮಾನವನ್ನಾದರೂ ನುಂಗಬಹುದು, ಹೆಂಡತಿಗೆ ಕೊಟ್ಟ ಮಾತನ್ನು ನುಂಗುವುದು ಹೇಗೆ? ಮದುವೆಯ ವಾರ್ಷಿಕೋತ್ಸವದ ದಿನ ಗುಟುಕು ಜಾಸ್ತಿಯಾಗಿ, ನಾದಿನಿಯರ ಎದುರು, "ಒಟೀಲಿ, ನಿನ್ನ ಹೆಸರಲ್ಲಿ ಒಂದು ಗುಹೆ ಇರುತ್ತೆ, ಬರ್ಕೋ!" ಎಂದು ಎದೆ ತಟ್ಟಿಕೊಂಡಿದ್ದ. ಅಂದಿನಿಂದ ಪ್ರತಿ ಬೇಸಿಗೆ ಕಳೆದಾಗಲೂ ಅವಳದು ಒಂದೇ ಪ್ರಶ್ನೆ: "ಎಲ್ಲಿ ನನ್ನ ಗುಹೆ? ಕೊಳೆ ಕಾಲುಚೀಲ ಮಾತ್ರ ಬಂದಿದೆ." ಈ ಸಲ ತಡೆಯಲಾರದೆ, ಶಿಬಿರಕ್ಕೆ ಬಂದ ಮರುದಿನವೇ ಸಿಕ್ಕಿತೆಂದು ಕಾರ್ಡು ಹಾಕಿಬಿಟ್ಟಿದ್ದ. ನೋಡಲು ತಾನೇ ಬರುತ್ತೇನೆಂದು ಅವಳೂ ಉತ್ತರ ಬರೆದಿದ್ದಳು. ಬರುವ ದಿನ ಇವತ್ತೇ.

ಬಣ್ಣದ ಡಬ್ಬಿ ಹಿಡಿದು ಹೊರಬಿದ್ದದ್ದೇ ತಡ, ಮಂಜು ಕವಿಯಿತು. ಕನ್ನಡಕವಿಲ್ಲದ ಕಣ್ಣಿಗೆ ಮಂಜು ಬೇರೆ. ತಡವರಿಸುತ್ತ, ಮುಗ್ಗರಿಸುತ್ತ ನಡೆದವನ ಮುಖಕ್ಕೆ ನೆಲದೊಳಗಿಂದ ತಣ್ಣನೆ ಗಾಳಿ ರಪ್ಪನೆ ಬಡಿಯಿತು. ವೆಂಡೆಲಿನ್ ಅಂಬೆಗಾಲಿಟ್ಟು ಮುಂದೆ ಹೋಗಿ ಒಂದು ಕಲ್ಲು ಎಸೆದ. ಅದು ಬೀಳುತ್ತಲೇ ಹೋಯಿತು. ತಳ ಮುಟ್ಟಿದ ಸದ್ದೇ ಬರಲಿಲ್ಲ.

"ಅಬ್ಬಾ, ಸಿಕ್ಕಿತಲ್ಲಪ್ಪಾ!" ಎಂದು ಅವನಿಗೆ ಅಳುವೇ ಬಂತು.

ಬಾಯಿಯ ಸುತ್ತಲಿನ ಬಂಡೆಯನ್ನೆಲ್ಲ ಸವರಿ ನೋಡಿದ. ಯಾರ ಗುರುತೂ ಕೈಗೆ ಹತ್ತಲಿಲ್ಲ. ಪಕ್ಕದಲ್ಲೇ ದುಂಡನೆಯ ಬಿಳಿ ಬಂಡೆಯೊಂದಿತ್ತು. ಮೇಲೆ ಪಾಚಿ ದಪ್ಪಗೆ ಬೆಳೆದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಬಿಸಿಲು ಕುಡಿದ ಕಲ್ಲು ಎಂದುಕೊಂಡ; ಆ ಮಂಜಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು ಎಂದು ಕೇಳಿಕೊಳ್ಳುವ ಪುರುಸೊತ್ತು ಅವನಿಗೆಲ್ಲಿ? ಗುರುತಾಗಿ ಹೆಂಡತಿಯ ಹೆಸರನ್ನೇ ದೊಡ್ಡದಾಗಿ ಬರೆದ. ಕೊನೆಯ ಅಕ್ಷರಕ್ಕೆ ಬರುವಾಗ ಬಂಡೆ ಒಂದು ಸಲ ನಿಟ್ಟುಸಿರು ಬಿಟ್ಟಂತಾಯಿತು. ಅದು ಗುಹೆಯ ಗಾಳಿ ಎಂದುಕೊಂಡು, ಬೀಳುತ್ತ ಏಳುತ್ತ ಶಿಬಿರದ ವಸತಿಗೆ ಓಡಿದ.

"ಟೀಚರ್! ತಳಾನೇ ಇಲ್ಲ ಟೀಚರ್! ಬನ್ನಿ!"

"ಯಾವುದಕ್ಕೆ ತಳ ಇಲ್ಲ, ಸರಿಯಾಗಿ ಹೇಳು. ಆಲೂಗಡ್ಡೆ ಪಾತ್ರೆಗಾ?" ಎಂದರು ಬುರ್ಗಾ ಟೀಚರ್. ಆದರೂ ಅಳತೆ ಪಟ್ಟಿ ತೆಗೆದುಕೊಂಡು ಎಲ್ಲರನ್ನೂ ಹೊರಡಿಸಿದರು.

ಅಷ್ಟರಲ್ಲಿ ಮಂಜು ಹರಿದಿತ್ತು. ವೆಂಡೆಲಿನ್ ಎಡಕ್ಕೆ ಕರೆದೊಯ್ದ, ಬಲಕ್ಕೆ ಕರೆದೊಯ್ದ, ಬಂದ ದಾರಿಗೇ ತಂದು ನಿಲ್ಲಿಸಿದ. ಬಿಲಗಳಿಗೇನು ಬರವೇ? ಆದರೆ ಕೆಂಪು ಬಣ್ಣದ ಒಂದು ಚುಕ್ಕೆಯೂ ಕಾಣಲಿಲ್ಲ.

"ಬಂಡೆ ಎದ್ದು ಹೋಯ್ತೇನೋ?" ಎಂದ ಒಬ್ಬ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ವಾಪಸ್ಸು ಬಂದರೆ ವಸತಿಯ ಮುಂದಿನ ಬೆಂಚಿನಲ್ಲಿ ಒಟೀಲಿ ಕೂತಿದ್ದಳು. ಒಳ್ಳೆಯ ಲಂಗ, ಹೊಸ ಟೋಪಿ, ಮಡಿಲಲ್ಲಿ ಕೇಕಿನ ಡಬ್ಬಿ. ಬೆಟ್ಟ ಹತ್ತಿ ಮುಖ ಕೆಂಪಾಗಿತ್ತು.

"ಎಲ್ಲಿ, ತೋರಿಸು," ಎಂದಳು.

"ಇದೆ ಒಟೀಲಿ... ಸ್ವಲ್ಪ ಆಚೀಚೆ ಆಗಿದೆ ಅಷ್ಟೆ."

"ಗುಹೆ ಆಚೀಚೆ ಆಗಿದೆಯಾ? ನನ್ನ ಕಿವಿ ಮೇಲೆ ಹೂ ಇಡ್ತೀಯಾ? ಕಾರ್ಡಿನಲ್ಲಿ ಸುಳ್ಳು ಬರೆದಿದ್ದು ತಾನೆ?"

ವೆಂಡೆಲಿನ್ ಬಾಯಿ ತೆರೆಯುವಷ್ಟರಲ್ಲಿ ಕಲ್ಲುಬಯಲ ಕಡೆಯಿಂದ ಬೈಗುಳ ಕೇಳಿಸಿತು. ಬೇಸಿಗೆಗೆ ಅಲ್ಲಿ ಕುರಿ ಮೇಯಿಸುವ ರೂಪರ್ಟ್ ಒಂದು ದಪ್ಪ ಕುರಿಯನ್ನು ಕಿವಿ ಹಿಡಿದು ಎಳೆದುಕೊಂಡು ಬರುತ್ತಿದ್ದ. ಕುರಿಯ ಹೊಟ್ಟೆಯ ಮೇಲೆ ಈ ಕಡೆಯಿಂದ ಆ ಕಡೆಯವರೆಗೆ ಕೆಂಪು ಅಕ್ಷರಗಳಿದ್ದವು.

"ರೀ, ಯಾರ್ರೀ ಅದು? ಈ ಒಟೀಲಿ ಯಾರದ್ದು?" ಎಂದು ರೂಪರ್ಟ್ ಗುಡುಗಿದ.

"ನಂದು," ಎಂದ ವೆಂಡೆಲಿನ್, ಸಣ್ಣ ದನಿಯಲ್ಲಿ.

ಎಲ್ಲರೂ ಕುರಿಯನ್ನು ನೋಡಿದರು, ಆಮೇಲೆ ಒಟೀಲಿಯನ್ನು ನೋಡಿದರು, ಆಮೇಲೆ ನೋಡಬಾರದಿತ್ತು ಎಂದು ಆಕಾಶ ನೋಡಿದರು. ಒಟೀಲಿ ಎದ್ದು ಕುರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇಡೀ ಬೆಟ್ಟದಲ್ಲಿ ಇದಕ್ಕಿಂತ ದಪ್ಪನೆಯದು ಸಿಗಲಿಲ್ವಾ ನಿಂಗೆ?"

"ಅದು ಬಂಡೆ ಅಂದ್ಕೊಂಡೆ ಕಣೇ!" ಎಂದು ವೆಂಡೆಲಿನ್ ಜೇಬಿನಿಂದ ಕನ್ನಡಕದ ಚೂರುಗಳನ್ನು ತೆಗೆದು ತೋರಿಸಿದ. "ಮಲಗಿತ್ತು, ಅದರ ಪಕ್ಕದಲ್ಲೇ ಗುಹೆ ಇತ್ತು. ನಿನ್ನಾಣೆ!"

ರೂಪರ್ಟ್ ಗಡ್ಡ ಕೆರೆದುಕೊಂಡ. "ಗುಹೆ ಗಿಹೆ ನಂಗೊತ್ತಿಲ್ಲ. ಈ ಕುರಿ ಇದ್ದಾಳಲ್ಲ, ಇವಳಿಗೆ ಸೆಕೆ ತಡೆಯೋಕಾಗಲ್ಲ. ಎಲ್ಲೋ ತಣ್ಣಗೆ ಗಾಳಿ ಬರೋ ಜಾಗ ಕಂಡಿಟ್ಟಿದ್ದಾಳೆ, ಬಿಟ್ಟರೆ ಸೀದಾ ಅಲ್ಲಿಗೇ ಹೋಗ್ತಾಳೆ."

"ಬಿಡಿ! ಬೇಗ ಬಿಡಿ ಅದನ್ನ!" ಎಂದು ವೆಂಡೆಲಿನ್ ಬಣ್ಣದ ಡಬ್ಬಿ ಬಾಚಿಕೊಂಡ. ಹೋದ ಜೀವ ಬಂದಂತಾಗಿತ್ತು.

ಕುರಿ ಮುಂದೆ, ವೆಂಡೆಲಿನ್ ಹಿಂದೆ, ಅವನ ಹಿಂದೆ ಟೋಪಿ ಹಿಡಿದುಕೊಂಡು ಒಟೀಲಿ, ಅವಳ ಹಿಂದೆ ಇಡೀ ಸಂಘ. ಕುರಿ ಬಿರುಕುಗಳನ್ನು ಹಾರಿ ಹಾರಿ ದಾಟಿತು. ವೆಂಡೆಲಿನ್ ಕೂಡ ಹಾರಿದ; ಮೂರನೆಯ ಬಿರುಕಿನಲ್ಲಿ ಅವನ ಕಾಲು ಮಂಡಿಯವರೆಗೆ ಇಳಿದು ಬೂಟು ಕಚ್ಚಿಕೊಂಡಿತು.

"ಒಟೀಲಿ, ಕೈ ಕೊಡೇ!"

"ಯಾವ ಒಟೀಲಿಗೆ ಹೇಳ್ತಿದೀಯ?" ಎಂದಳು ಅವಳು. ಅವನ ಕೈಯಿಂದ ಬಣ್ಣದ ಡಬ್ಬಿ ಕಿತ್ತುಕೊಂಡು, ಲಂಗ ಎತ್ತಿ ಕಟ್ಟಿ, ಕುರಿಯ ಹಿಂದೆಯೇ ಹೋದಳು.

ಇಬ್ಬರು ಸೇರಿ ಅವನನ್ನು ಎಳೆದು, ಬೂಟು ಅಲ್ಲೇ ಬಿಟ್ಟು, ಕುಂಟಿಸಿಕೊಂಡು ಬರುವಷ್ಟರಲ್ಲಿ ಕುರಿ ಗುಹೆಯ ಬಾಯಿಯ ಪಕ್ಕ ಆರಾಮಾಗಿ ಮಲಗಿತ್ತು. ಅದೇ ಗಾಳಿ, ಅದೇ ತಳವಿಲ್ಲದ ಕತ್ತಲೆ. ಬುರ್ಗಾ ಟೀಚರ್ ಇಣುಕಿ ನೋಡಿ ಶಿಳ್ಳೆ ಹಾಕಿದರು. ಇಂಥ ಬಾಯಿ ಸಂಘಕ್ಕೆ ಈಚೆಗೆ ಸಿಕ್ಕಿರಲಿಲ್ಲ. ಪಕ್ಕದ ಬಂಡೆಗೆ, ನಿಜವಾದ ಬಂಡೆಗೆ, ಒಟೀಲಿ ಆಗಲೇ ಕೆಂಪು ಬಣ್ಣ ಬಳಿಯುತ್ತಿದ್ದಳು.

"ಟೀಚರ್, ಅದು ನಂದು! ಬೆಳಿಗ್ಗೆ ನಾನು ಕಂಡಿದ್ದು!"

"ನಿನ್ನ ಗುರುತು ಎಲ್ಲಿದೆ?"

"ಕುರಿ ಮೇಲೆ."

"ನಿಯಮದಲ್ಲಿ ಬಂಡೆ ಅಂತಿದೆ," ಎಂದರು ಟೀಚರ್. "ಗುಹೆ ಒಟೀಲಿಯದು, ಹೆಸರಿಡೋ ಹಕ್ಕೂ ಅವಳದು. ನೀನು ಹೋಗಿ ಆಲೂಗಡ್ಡೆ ಸುಲಿ."

ಹೋಗಲಿ, ಹೇಗೂ ಹೆಂಡತಿಯ ಹೆಸರೇ ತಾನೆ ಬೀಳುವುದು, ಕೊಟ್ಟ ಮಾತು ಉಳಿಯಿತಲ್ಲ ಎಂದು ವೆಂಡೆಲಿನ್ ಸಮಾಧಾನ ಮಾಡಿಕೊಂಡ. ಒಂಟಿ ಬೂಟಿನಲ್ಲಿ ಕುಂಟುತ್ತ ಹತ್ತಿರ ಬಂದು, ಬಂಡೆಗೆ ಮೂಗು ತಾಗಿಸಿ ಓದಿದ.

'ವೆಂಡೆಲಿನ್‌ನ ಬಾಯಿ' ಎಂದು ಬರೆದಿತ್ತು.

"ಯಾವಾಗಲೂ ತೆರೆದೇ ಇರುತ್ತೆ, ಬರೋದೆಲ್ಲ ಬರೀ ಗಾಳಿ," ಎಂದಳು ಒಟೀಲಿ, ಕುಂಚ ಒರೆಸುತ್ತ. "ಬೇರೆ ಹೆಸರು ಹೊಂದೋದೇ ಇಲ್ಲ."

ವೆಂಡೆಲಿನ್ ಬಾಯಿ ಬಿಟ್ಟುಕೊಂಡು ನಿಂತ. ಬುರ್ಗಾ ಟೀಚರ್ ಅಳತೆ ಪಟ್ಟಿ ಬಿಚ್ಚಿ, ಒಮ್ಮೆ ಅವನತ್ತ, ಒಮ್ಮೆ ಗುಹೆಯತ್ತ ನೋಡಿದರು.

"ಯಾವ ಬಾಯಿ ಮೊದಲು ಅಳೆಯೋಣ?"